ಜಪಾನಿನ ಅಚ್ಚುಚಿತ್ರಗಳಲ್ಲಿ ಕೃತಕ ಬಣ್ಣ: ನೇರಳೆಯಿಂದ ಶುರು ಮಾಡೋಣ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಜಪಾನಿ ಚಿತ್ರಕಾರ ಹೊಕುಸಾಯ್‌ನ ದೊಡ್ಡ ಅಲೆಯ ಚಿತ್ರದಲ್ಲಿರುವ ಪ್ರಷ್ಯನ್ ನೀಲಿಯೂ ಕೃತಕವೇ. 18ನೇ ಶತಮಾನದ ಶುರುವಿನಲ್ಲಿ ಬರ್ಲಿನ್‌ನಲ್ಲಿ ಹುಟ್ಟಿ, 1830ರ ಹೊತ್ತಿಗೆ ಜಪಾನಿನ ಮುದ್ರಕರ ಕೈಗೆ ಧಾರಾಳವಾಗಿ ಸಿಕ್ಕಿತು. ಆದರೆ ಅದು ನೀರಿನಲ್ಲಿ ಕರಗದ ಪುಡಿ, ಅಂದರೆ ಪಿಗ್ಮೆಂಟ್. ಕರಗುವ ಕೃತಕ ಡೈಗಳ ಕಾಲ ಬಂದದ್ದು 1856ರಲ್ಲಿ ಲಂಡನ್‌ನ ವಿಲಿಯಂ ಪರ್ಕಿನ್ ಅನಿಲೀನ್ ಎಂಬ ರಾಸಾಯನಿಕದಿಂದ ನೇರಳೆ ತೆಗೆದ ಮೇಲೆ. 1859ರಲ್ಲಿ ಯೊಕೊಹಾಮಾ ಬಂದರು ವಿದೇಶಿ ವ್ಯಾಪಾರಕ್ಕೆ ತೆರೆಯಿತು. 1860ರ ದಶಕದಲ್ಲೇ ಹೊಸ ಡೈಗಳು ಚಿತ್ರಗಳಲ್ಲಿ ಕಾಣಿಸಿಕೊಂಡವು.

ನೇರಳೆಯನ್ನು ಸ್ವಲ್ಪ ನಿಧಾನವಾಗಿ ನೋಡಿ. ಹಳೆಯ ಮುದ್ರಕರು ಸಾಮಾನ್ಯವಾಗಿ ಕುಸುಬೆಯ ಕೆಂಪಿಗೆ ನೀಲಿ ಬೆರೆಸಿ ನೇರಳೆ ಮಾಡುತ್ತಿದ್ದರು. ಆ ಕೆಂಪು ಸುಮ್ನೆ ಸಿಗುತ್ತಿರಲಿಲ್ಲ. ಎಸಳುಗಳನ್ನು ತೊಳೆದು ಹಳದಿ ಬಿಡಿಸಬೇಕು, ಬೂದಿನೀರಿನಲ್ಲಿ ನೆನೆಸಿ ಕೆಂಪು ತೆಗೆಯಬೇಕು, ಹುಳಿ ಹಾಕಿ ಅದನ್ನು ತಳಕ್ಕೆ ಇಳಿಸಬೇಕು. ಇಷ್ಟು ಮಾಡಿದರೂ ಬೆಳಕಿಗೆ ಕೆಂಪು ಹೋಗುತ್ತದೆ. ಜೊತೆಗೆ ಬೆರೆಸುತ್ತಿದ್ದ ಹೂವಿನ ನೀಲಿ ಇನ್ನೂ ನಾಜೂಕು, ತೇವ ತಾಗಿದರೂ ಮಾಸುತ್ತದೆ. 18ನೇ ಶತಮಾನದ ಚಿತ್ರಗಳಲ್ಲಿನ ಎಷ್ಟೋ ನೇರಳೆ ಕಿಮೋನೊಗಳು ಇವತ್ತು ಮಾಸಲು ಕಂದಾಗಿ ಕಾಣುವುದು ಇದಕ್ಕೇ.

ಮೀಥೈಲ್ ವಯೊಲೆಟ್ ಎಂಬ ಕೃತಕ ನೇರಳೆ ಡೈ ಬಂದ ಮೇಲೆ ಬೆರೆಸುವ ಕೆಲಸವೇ ಉಳಿಯಲಿಲ್ಲ. ಚಿಟಿಕೆಯಷ್ಟು ಡೈ ನೀರಿಗೆ ಬಿದ್ದರೆ ಗಾಢ ನೇರಳೆ ಸಿದ್ಧ. ಮುದ್ರಣಕ್ಕೆ ಬಳಸುವ ವಾಶಿ ಕಾಗದ ತೇವವಾಗಿರುತ್ತದೆ, ಅಲ್ವಾ? ಕರಗಿದ ಡೈ ನಾರಿನೊಳಗೆ ಇಳಿಯುತ್ತದೆ. ಆ ಕಾಲದ ಹಾಳೆಯನ್ನು ಮಗುಚಿದರೆ ನೇರಳೆ ಹಿಂದಕ್ಕೂ ಇಳಿದಿರುವುದು ಎಷ್ಟೋ ಸಲ ಕಾಣುತ್ತದೆ.

ಕೆಂಪಿಗೆ 1870ರ ದಶಕದಲ್ಲಿ ಇಯೋಸಿನ್ ಎಂಬ ಕೃತಕ ಡೈ ಸೇರಿತು. ಪೆಥಾಲಜಿ ಲ್ಯಾಬ್‌ಗಳಲ್ಲಿ ಸ್ಲೈಡ್‌ಗೆ ಹಾಕುವ ಅದೇ ಬಣ್ಣ. ಚಿತ್ರಕಾರ ಕುನಿಚಿಕ ಬರೆದ ಕಬುಕಿ ನಾಟಕದ ನಟರ ಹಿಂದೆ ಕೆಂಪು ಉರಿಯುವುದು ಇದೇ ಮೇಜಿ ಕಾಲದಲ್ಲಿ (1868–1912). ಇದನ್ನು ಅಗ್ಗದ ಅಬ್ಬರ ಎಂದು ತಳ್ಳಿಹಾಕಿದ ಸಂಗ್ರಾಹಕರು ಬಹಳ. ನನಗೆ ಅದು ಅನ್ಯಾಯ ಅನಿಸುತ್ತದೆ. ರೈಲು, ಗ್ಯಾಸ್ ದೀಪ, ಇಟ್ಟಿಗೆ ಕಟ್ಟಡ ಬಂದ ಟೋಕಿಯೊಗೆ ಆ ಕೆಂಪು ಒಪ್ಪುತ್ತಿತ್ತು. ಕಲಾವಿದರು ಬೇಕೆಂದೇ ಆರಿಸಿಕೊಂಡರು.

ಇನ್ನೊಂದು ವಿಷಯ ಗಮನದಲ್ಲಿರಲಿ. ‘ಅನಿಲೀನ್ ಕೆಂಪು’ ಎಂದು ಬರೆದದ್ದೆಲ್ಲ ಅನಿಲೀನ್ ಅಲ್ಲ. ಆ ಕಾಲದ ಎಷ್ಟೋ ಕೆಂಪುಗಳನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ಕೊಚಿನಿಯಲ್ ಹುಳದಿಂದ ತೆಗೆದ ಕಾರ್ಮೈನ್. ಬರೀ ಕಣ್ಣಿಗೆ ಎರಡೂ ಒಂದೇ ಥರ. ಬೇರೆ ಮಾಡಿ ಹೇಳಬೇಕಾದರೆ ಬೆಳಕು ಹಾಯಿಸಿ ಗುರುತು ಹಿಡಿಯುವ ಸ್ಪೆಕ್ಟ್ರೋಸ್ಕೋಪಿಯಂಥ ಪರೀಕ್ಷೆಯೇ ಬೇಕು.