ಮಳೆಗಾಲದ ಕಿವಿ: ಗದ್ದಲ ನೋಡಿ ಗೆರೆ ಎಳೆಯುವ ಲೆಕ್ಕ

ಮಾರ್ಚ್‌ನಲ್ಲಿ ನಮ್ಮ ತೋಟದಲ್ಲಿ ಸಿಲ್ವರ್ ಓಕ್ ಎಲೆ ಬಿದ್ದರೂ ನಾಯಿ ಬೊಗಳುತ್ತದೆ. ಜುಲೈನಲ್ಲಿ ಕೊಟ್ಟಿಗೆಯ ಶೀಟಿನ ಮೇಲೆ ಮಳೆ ಹೊಡೆಯುವಾಗ ಕೊಂಬೆ ಮುರಿದರೂ ಸುಮ್ನೆ ಮಲಗಿರುತ್ತದೆ. ಆದರೆ ಹಲಸಿನ ಮರದ ಹತ್ತಿರ ಆನೆ ಬಂದರೆ ಅದೇ ಮಳೆಯಲ್ಲೂ ಎದ್ದು ನಿಲ್ಲುತ್ತದೆ. ಮೂಗಿನ ಸಹಾಯವೂ ಇದೆ ಅನ್ನಿ. ಗದ್ದಲ ಎಷ್ಟಿದೆ ಎಂದು ನೋಡಿ, ಇದನ್ನು ದಾಟಿದರೆ ಮಾತ್ರ ಎಚ್ಚರ ಎನ್ನುವ ಮಿತಿ ಗೆರೆಯನ್ನು ಏರಿಸಿ ಇಳಿಸುವುದು ನಾಯಿಗೆ ಹುಟ್ಟಿನಿಂದ ಬಂದದ್ದು. ಯಂತ್ರಕ್ಕೆ ಇದನ್ನು ಕಲಿಸಲು ದಶಕಗಳೇ ಬೇಕಾದವು.

ಮೊದಲ ಎಳೆ 1933ರದ್ದು. ಜೆರ್ಜಿ ನೇಮನ್ ಮತ್ತು ಎಗಾನ್ ಪಿಯರ್ಸನ್ ಎಂಬ ಸಂಖ್ಯಾಶಾಸ್ತ್ರಜ್ಞರು ಒಂದು ದಾರಿ ತೋರಿಸಿದರು. ಸುಳ್ಳು ಅಲಾರಂ ಎಷ್ಟರ ಮಟ್ಟಿಗೆ ಸಹಿಸುತ್ತೀರಿ ಎಂದು ಮೊದಲೇ ತೀರ್ಮಾನಿಸಿ. ಆ ಮಿತಿಯೊಳಗೆ ನಿಜವಾದದ್ದನ್ನು ಆದಷ್ಟು ಜಾಸ್ತಿ ಹಿಡಿಯಿರಿ. ಇದಕ್ಕೆ ಗದ್ದಲದ ಮಟ್ಟ ಮೊದಲೇ ಗೊತ್ತಿರಬೇಕು. ತೊಡಕು ಇರುವುದು ಅಲ್ಲೇ.

ಎರಡನೇ ಮಹಾಯುದ್ಧದ ರಡಾರ್‌ಗಳಲ್ಲಿ ಈ ಕೆಲಸ ಪರದೆ ಮುಂದೆ ಕೂತವನ ಕಣ್ಣು ಮತ್ತು ಕೈಯದ್ದು. ಮೋಡವೋ ಅಲೆಯೋ ಪರದೆ ತುಂಬಿದರೆ ನಾಬ್ ತಿರುಗಿಸಿ ರಡಾರ್‌ನ ಸೂಕ್ಷ್ಮತೆ ತಗ್ಗಿಸುತ್ತಿದ್ದ. ಆಮೇಲೆ ಕಂಪ್ಯೂಟರ್ ಬಂತು. ತಿಳಿ ಆಕಾಶಕ್ಕೆ ಹಾಕಿದ ಗೆರೆ ಮಳೆ ಮೋಡ ಬಂದಾಗ ಕೈಕೊಟ್ಟಿತು. ಮೋಡದ ಚೂರುಚೂರೂ ವಿಮಾನವಾಯಿತು!

1968ರಲ್ಲಿ ಫಿನ್ ಮತ್ತು ಜಾನ್ಸನ್ ಎಂಬ ರಡಾರ್ ತಜ್ಞರು ಇದಕ್ಕೆ ಉತ್ತರ ಕೊಟ್ಟರು. ಅದು ಕೊಡಗಿನವರಿಗೆ ಬೇಗ ಅರ್ಥವಾಗುತ್ತದೆ. ನಮ್ಮಲ್ಲಿ ತೋಟದ ಮನೆಗಳಲ್ಲಿ ಮಳೆಮಾಪಕ ಇರುತ್ತದೆ. ಬೆಳಿಗ್ಗೆ ಫೋನ್ ಬರುತ್ತದೆ: "ನಿಮ್ಮಲ್ಲಿ ಎಷ್ಟು ಇಂಚು, ಎಷ್ಟು ಸೆಂಟ್?" (ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ.) ನನ್ನ 4 ಇಂಚು ವಿಶೇಷವೋ ಅಲ್ಲವೋ ಎಂದು ಹೇಳುವುದು ಅಕ್ಕಪಕ್ಕದವರ ಸರಾಸರಿ. ರಡಾರ್ ಕೂಡ ಹಾಗೇ ಮಾಡುತ್ತದೆ. ಒಂದು ಜಾಗವನ್ನು ಪರೀಕ್ಷಿಸುವಾಗ ಎರಡೂ ಬದಿಯ ಜಾಗಗಳ ಗದ್ದಲದ ಸರಾಸರಿ ತೆಗೆದು, ಒಂದು ಸಂಖ್ಯೆಯಿಂದ ಗುಣಿಸಿ ಗೆರೆ ಹಾಕುತ್ತದೆ. ಮಗ್ಗುಲಲ್ಲೇ ಇರುವ ಒಂದೆರಡು ಜಾಗ ಬಿಡಬೇಕು. ಇಲ್ಲದಿದ್ದರೆ ವಿಮಾನದ ಪ್ರತಿಧ್ವನಿಯೇ ಸರಾಸರಿಯೊಳಗೆ ಸೋರುತ್ತದೆ.

ಲೆಕ್ಕ ನೋಡಿ. 10 ಲಕ್ಷ ಪರೀಕ್ಷೆಗೆ ಒಂದು ಸುಳ್ಳು ಅಲಾರಂ ಸಾಕು ಎಂದುಕೊಳ್ಳೋಣ. ಗದ್ದಲದ ಸರಾಸರಿ ಪಕ್ಕಾ ಗೊತ್ತಿದ್ದರೆ ಗೆರೆ ಅದರ 13.8 ಪಟ್ಟು ಇದ್ದರೆ ಆಯಿತು. 16 ನೆರೆಯವರನ್ನು ಮಾತ್ರ ಕೇಳಿದರೆ ಸುಮಾರು 22 ಪಟ್ಟು ಬೇಕು. 32 ಜನರನ್ನು ಕೇಳಿದರೆ 17ಕ್ಕೆ ಇಳಿಯುತ್ತದೆ. ಅರೆಬರೆ ತಿಳುವಳಿಕೆಗೆ ತೆರುವ ದಂಡ ಇದು.

ಹಾಗಾದರೆ ಇನ್ನೂ ದೂರದವರನ್ನೂ ಕೇಳಬಹುದಲ್ವಾ? ಭಾಗಮಂಡಲದಲ್ಲಿ ಜಡಿಮಳೆ ಇರುವಾಗ ಕುಶಾಲನಗರದಲ್ಲಿ ಬಿಸಿಲಿರುತ್ತದೆ. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಅದು ಯಾವ ಊರಿನದ್ದೂ ಅಲ್ಲ. ಮೋಡದ ಅಂಚಿನಲ್ಲಿ ರಡಾರ್ ಎಡವುತ್ತಿದ್ದದ್ದು ಹೀಗೆಯೇ. 1973ರಲ್ಲಿ ಹ್ಯಾನ್ಸನ್, ಎರಡು ಬದಿಯ ಸರಾಸರಿಗಳಲ್ಲಿ ಯಾವುದು ದೊಡ್ಡದೋ ಅದನ್ನು ತಗೊಳ್ಳಿ ಎಂದರು. ಅಂಚಿನ ಸುಳ್ಳು ಅಲಾರಂ ಕಡಿಮೆಯಾಯಿತು. ಆದರೆ ಪಕ್ಕದಲ್ಲಿ ಇನ್ನೊಂದು ವಿಮಾನವಿದ್ದರೆ ಮೊದಲನೆಯದು ಮರೆಯಾಯಿತು. 1978ರಲ್ಲಿ ಟ್ರಂಕ್ ಚಿಕ್ಕದನ್ನು ತಗೊಳ್ಳಿ ಎಂದರು. ಮರೆಯಾದದ್ದು ಸಿಕ್ಕಿತು, ಅಂಚಿನ ಕಾಟ ವಾಪಸ್ ಬಂತು.

1983ರಲ್ಲಿ ಜರ್ಮನಿಯ ಹೆರ್ಮನ್ ರೋಲಿಂಗ್ ಸರಾಸರಿಯನ್ನೇ ಬಿಟ್ಟರು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು. 16 ಅಳತೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ, 12ನೆಯದನ್ನು ಹಿಡಿಯಿರಿ. ಮೂರು ಮನೆಯ ಮಾಪಕಕ್ಕೆ ಮಾಡಿನ ನೀರು ಬಿದ್ದು ತುಂಬಿ ತುಳುಕಿದರೂ 12ನೆಯ ಅಂಕಿ ಅಷ್ಟಾಗಿ ಅಲುಗುವುದಿಲ್ಲ. ಪ್ರತಿ ಜಾಗಕ್ಕೂ ಸಾಲು ಹಚ್ಚುವುದು ಆಗಿನ ಕಂಪ್ಯೂಟರಿಗೆ ಹೊರೆ. ಈಗ ಕಾರಿನ ರಡಾರ್‌ಗಳಲ್ಲೂ ಈ ವಿಧಾನ ಬಳಕೆಯಲ್ಲಿದೆ.

ಭೂಕಂಪ ಹಿಡಿಯುವವರು ಜಾಗದ ಬದಲು ಕಾಲದಲ್ಲಿ ನೆರೆಹೊರೆಯನ್ನು ಹುಡುಕಿದರು. ಅಮೆರಿಕದ ರೆಕ್ಸ್ ಆಲೆನ್ 1978ರಲ್ಲಿ ಪ್ರಕಟಿಸಿದ ವಿಧಾನದ ಬೆನ್ನೆಲುಬು ಹೋಲಿಕೆ: ಈ ಕ್ಷಣದ ಅಲುಗಾಟವನ್ನು ಹಿಂದಿನ ದೀರ್ಘ ಸರಾಸರಿಯ ಪಕ್ಕ ಇಟ್ಟು ನೋಡುವುದು. ಎಷ್ಟು ಪಟ್ಟು ಹೆಚ್ಚಿದರೆ ಕಂಪನ ಎನ್ನಬೇಕು ಎಂದು ಮೊದಲೇ ಗೊತ್ತು ಮಾಡಿರುತ್ತಾರೆ.

2022ರ ಜೂನ್ ಕೊನೆಯಲ್ಲಿ ಕೊಡಗಿನ ಚೆಂಬು, ಸಂಪಾಜೆ ಕಡೆ ನೆಲ ಹಲವು ಸಲ ನಡುಗಿತು. ಅದು ಮಳೆಗಾಲ. ತೊರೆ ಉಕ್ಕಿದರೆ, ಘಾಟಿಯಲ್ಲಿ ಲಾರಿ ಏದುಸಿರು ಬಿಟ್ಟರೆ ದೀರ್ಘ ಸರಾಸರಿ ಏರುತ್ತದೆ, ಜೊತೆಗೆ ಗೆರೆಯೂ ಏರುತ್ತದೆ. ಜನವರಿಯಲ್ಲಿ ಸಿಗಬಹುದಾದ ಸಣ್ಣ ಕಂಪನ ಜುಲೈನಲ್ಲಿ ಗೆರೆಯ ಕೆಳಗೇ ಉಳಿಯಬಹುದು. ಲೆಕ್ಕ ಎಷ್ಟೇ ಜಾಣವಾಗಿರಲಿ, ಕಂಪನ ಮಾಪಕವನ್ನು ರಸ್ತೆಯಿಂದ, ತೊರೆಯಿಂದ ದೂರ, ಗಟ್ಟಿ ಬಂಡೆಯ ಮೇಲೆ ಕೂರಿಸುವ ಕೆಲಸ ತಪ್ಪುವುದಿಲ್ಲ.