ಸಫಾರಿಗೆ ಎಂಟು ಎಕ್ಸ್ ಸಾಕು, ದಯವಿಟ್ಟು ನಂಬಿ

"ಸರ್, ಇದರಲ್ಲಿ ಎಷ್ಟು ಕಿಲೋಮೀಟರ್ ದೂರ ಕಾಣುತ್ತೆ?" ಕಬಿನಿ ಸಫಾರಿಗೆ ಬರುವವರು ನನ್ನ ಕೊರಳಲ್ಲಿರುವ ಬೈನಾಕ್ಯುಲರ್ ನೋಡಿ ಮೊದಲು ಕೇಳುವ ಪ್ರಶ್ನೆ ಇದು. ಮುಂದಿನದು, "ಎಷ್ಟು ಎಕ್ಸ್?" ಎಂಟು ಅಂದ ಕೂಡಲೇ ಮುಖ ಸಪ್ಪಗಾಗುತ್ತದೆ. ಅವರ ಬ್ಯಾಗಿನಲ್ಲಿ ಇಪ್ಪತ್ತು ಎಕ್ಸಿನದ್ದು ಇರುತ್ತದೆ, ಈ ಪ್ರವಾಸಕ್ಕೆಂದೇ ಆನ್‌ಲೈನಲ್ಲಿ ತರಿಸಿದ್ದು. ಆಮೇಲೆ ಜೀಪಿನಲ್ಲಿ ಕೂತು ಸಫಾರಿ ಮುಗಿಯುವವರೆಗೂ "ಎಲ್ಲಿ? ಎಲ್ಲಿ?" ಅನ್ನುತ್ತಲೇ ಇರುತ್ತಾರೆ. ಕಾಡುಪ್ರಾಣಿ ತೋರಿಸುವ ನ್ಯಾಚುರಲಿಸ್ಟ್ ಕೆಲಸದಲ್ಲಿ ನನಗೆ ತುಂಬಾ ಬೇಜಾರು ತರುವುದು ಇದೇ. ಹುಲಿ ಹೊರಗೆ ಬರದಿದ್ದರೆ ಅದು ಹುಲಿಯ ಇಷ್ಟ. ಎದುರಿಗೇ ಇರುವ ಚಿರತೆ, ದುಡ್ಡು ಕೊಟ್ಟು ತಂದ ಬೈನಾಕ್ಯುಲರಿನ ದೆಸೆಯಿಂದ ಕಾಣದೆ ಹೋದರೆ ಸಂಕಟವಾಗುತ್ತದೆ.

ಕಿಲೋಮೀಟರ್ ಲೆಕ್ಕ ಮೊದಲು ಬಿಟ್ಟುಬಿಡಿ. ಬರಿಗಣ್ಣಿಗೇ ಚಂದ್ರ ಕಾಣುತ್ತಾನೆ, ಅಲ್ವಾ? 8×32 ಅಂತ ಬರೆದಿದ್ದರೆ ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅಂತ, ಅದೇ ಈ 'ಎಕ್ಸ್'; ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಮೊದಲ ಅಂಕಿಗೇ ಜೋತುಬೀಳುತ್ತಾರೆ.

80 ಮೀಟರ್ ದೂರದ ಮತ್ತಿ ಮರದಲ್ಲಿ ಚಿರತೆ ಮಲಗಿದೆ ಅಂತಿಟ್ಟುಕೊಳ್ಳಿ. ಎಂಟು ಎಕ್ಸಿನಲ್ಲಿ ಅದನ್ನು 10 ಮೀಟರಿನಿಂದ ನೋಡಿದ ಹಾಗೆ. ಹತ್ತು ಎಕ್ಸಿನಲ್ಲಿ 8 ಮೀಟರಿನಿಂದ. ಎರಡೇ ಎರಡು ಮೀಟರ್ ವ್ಯತ್ಯಾಸ. ಇಪ್ಪತ್ತರಲ್ಲಿ 4 ಮೀಟರ್. ಕೇಳಲು ಚೆನ್ನಾಗಿದೆ. ಆದರೆ ಗಾಜು ಚಿರತೆಯನ್ನು ಇಪ್ಪತ್ತು ಪಟ್ಟು ಮಾಡುವಾಗ ನಿಮ್ಮ ಕೈನಡುಕವನ್ನೂ ಇಪ್ಪತ್ತು ಪಟ್ಟು ಮಾಡುತ್ತದೆ. ಉಸಿರಾಡಿದರೂ ಅಲುಗುತ್ತದೆ. ಹಿಂದಿನ ಸೀಟಿನವರು ನೀರಿನ ಬಾಟಲಿಗೆ ಬಗ್ಗಿದರೂ ಅಲುಗುತ್ತದೆ. ಇಂಜಿನ್ ಓಡುತ್ತಿದ್ದರಂತೂ ಮುಗಿದೇಹೋಯಿತು, ಮೈಮೇಲಿನ ಚುಕ್ಕೆಗಳೆಲ್ಲ ಕಲಸಿಹೋಗುತ್ತವೆ. ಎಂಟು ಎಕ್ಸಿನ ನಿಂತ ಚಿತ್ರದಲ್ಲಿ ಕಾಣುವಷ್ಟು ವಿವರ ಇಪ್ಪತ್ತು ಎಕ್ಸಿನ ಕುಣಿಯುವ ಚಿತ್ರದಲ್ಲಿ ಕಾಣುವುದಿಲ್ಲ.

ಅದಕ್ಕಿಂತ ಮೊದಲು ಚಿರತೆ ಸಿಗಬೇಕಲ್ಲ. ಒಳ್ಳೆಯ ಎಂಟು ಎಕ್ಸಿನಲ್ಲಿ 100 ಮೀಟರ್ ದೂರಕ್ಕೆ ಸುಮಾರು 13 ಮೀಟರ್ ಅಗಲದ ಜಾಗ ಒಟ್ಟಿಗೆ ಕಾಣುತ್ತದೆ. 20×50ರಲ್ಲಿ ಐದಾರು ಮೀಟರ್, ಅಷ್ಟೇ. 50 ಮೀಟರ್ ಹತ್ತಿರಕ್ಕೆ ಆನೆ ಬಂದು ನಿಂತರೆ ಆ ವೃತ್ತದಲ್ಲಿ ಇಡೀ ಆನೆ ಹಿಡಿಯುವುದಿಲ್ಲ. ಲಂಟಾನ ಪೊದೆಯ ಸಂದಿಯಲ್ಲಿ ಸೀಳುನಾಯಿಗಳ ಗುಂಪು ಓಡುತ್ತಿದ್ದರೆ ಕೇಳುವುದೇ ಬೇಡ. ಮುಸುವ ಕೂಗಿದ ಕಡೆ ತಿರುಗಿ ಪ್ರಾಣಿ ಹುಡುಕಲು ನಮಗೆ ಸಿಗುವುದು ಕೆಲವೇ ಸೆಕೆಂಡು. ಇಪ್ಪತ್ತು ಎಕ್ಸಿನವರು ಅಷ್ಟರಲ್ಲಿ ಎಲೆ ನೋಡಿರುತ್ತಾರೆ, ಆಕಾಶ ನೋಡಿರುತ್ತಾರೆ, ಪಕ್ಕದ ಮರ ನೋಡಿರುತ್ತಾರೆ.

ಇನ್ನು ಬೆಳಕು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಯಾರೂ ಗಮನ ಕೊಡದ ವಿಷಯ ಇದೇ. ಬೈನಾಕ್ಯುಲರನ್ನು ಕಣ್ಣಿಗಿಡದೆ, ಕೈ ಚಾಚಿ ದೂರ ಹಿಡಿದು, ಆಕಾಶದ ಕಡೆ ತಿರುಗಿಸಿ ನೋಡಿ. ಕಣ್ಣಿಡುವ ಗಾಜಿನ ನಡುವೆ ಒಂದೊಂದು ಪುಟ್ಟ ಬೆಳಕಿನ ಬಿಲ್ಲೆ ಕಾಣುತ್ತದೆ. ನಿಮ್ಮ ಕಣ್ಣಿಗೆ ಬರುವ ಬೆಳಕೆಲ್ಲ ಆ ಬಿಲ್ಲೆಯಿಂದಲೇ ಬರಬೇಕು. ಅದರ ಅಗಲಕ್ಕೆ ಲೆಕ್ಕ ಸುಲಭ, ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿ. 8×42ಕ್ಕೆ 5 ಮಿಲಿಮೀಟರಿಗಿಂತ ಒಂಚೂರು ಜಾಸ್ತಿ. 8×32ಕ್ಕೆ 4. 8×25ಕ್ಕೆ 3. 20×50ಕ್ಕೆ ಎರಡೂವರೆ. ನಡು ಮಧ್ಯಾಹ್ನ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರಿಗೆ ಕುಗ್ಗಿರುತ್ತದೆ, ಆಗ ಯಾವುದಾದರೂ ನಡೆಯುತ್ತದೆ. ಸಫಾರಿ ಇರುವುದು ಬೆಳಕು ಹರಿಯುವಾಗ ಮತ್ತು ಹೊತ್ತು ಮುಳುಗುವಾಗ. ಆಗ ಪಾಪೆ 5 ಮಿಲಿಮೀಟರಿಗೋ ಅದಕ್ಕೂ ಜಾಸ್ತಿಗೋ ಅರಳುತ್ತದೆ. ಐದು ಬೇಕೆನ್ನುವ ಕಣ್ಣಿಗೆ ಎರಡೂವರೆ ಕೊಟ್ಟರೆ ಬೆಳಕು ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ, ಯಾಕೆಂದರೆ ಲೆಕ್ಕಕ್ಕೆ ಬರುವುದು ಬಿಲ್ಲೆಯ ವಿಸ್ತೀರ್ಣ. ಮರದ ನೆರಳಿನಲ್ಲಿ ನಿಂತ ಕಾಟಿ ಕಪ್ಪು ಬಂಡೆಯಾಗಿಬಿಡುತ್ತದೆ. ಅಂಗಡಿಯಲ್ಲಿ ಟ್ಯೂಬ್‌ಲೈಟ್ ಕೆಳಗೆ ಇದು ಗೊತ್ತೇ ಆಗುವುದಿಲ್ಲ.

ವಯಸ್ಸಾದಂತೆ ಪಾಪೆ ಅಷ್ಟು ಅರಳುವುದಿಲ್ಲ. ಅರವತ್ತು ದಾಟಿದ ಬಹಳ ಜನಕ್ಕೆ 4 ಮಿಲಿಮೀಟರಿನ ಬಿಲ್ಲೆ ಸಾಕಾಗುತ್ತದೆ, 8×42 ಹೊತ್ತು ತಿರುಗಿದರೂ ಅಷ್ಟೇನೂ ಲಾಭವಿಲ್ಲ. ಒಬ್ಬೊಬ್ಬರ ಕಣ್ಣು ಒಂದೊಂದು ಥರ, ಪೊರೆ ಬಂದಿದ್ದರೆ ಲೆಕ್ಕವೇ ಬೇರೆ, ಹಾಗಾಗಿ ಖಡಾಖಂಡಿತ ಅಂತ ಹೇಳುವುದಿಲ್ಲ. ಆದರೂ ಅಪ್ಪ ಅಮ್ಮನಿಗೆ ಅಂತ ಕೇಳಿದರೆ ನಾನು ಕಣ್ಣುಮುಚ್ಚಿ ಹೇಳುವುದು 8×32.

ದಾವಣಗೆರೆಯಿಂದ ಮಗ ಸೊಸೆ ಜೊತೆ ಒಬ್ಬ ಅಜ್ಜಿ ಬಂದಿದ್ದರು. ದಪ್ಪ ಕನ್ನಡಕ. ಮತ್ತಿ ಮರದ ಕೊಂಬೆಯಲ್ಲಿ ಚಿರತೆ ನಾಲ್ಕೂ ಕಾಲು ಇಳಿಬಿಟ್ಟು ಮಲಗಿತ್ತು. ಮಗ ತನ್ನ ದೊಡ್ಡ ಬೈನಾಕ್ಯುಲರ್ ಕೊಟ್ಟು, "ನೋಡವ್ವ, ಅಲ್ಲಿ" ಅಂತ ಒಂದೇ ಸಮನೆ ಹೇಳುತ್ತಿದ್ದರು. ಅಜ್ಜಿ, "ಕರ್ರಗ ಕಾಣ್ತತಿ ಬಿಡಪ್ಪ, ನನ್ನ ಕಣ್ಣು ಹೋಗ್ಯಾವು" ಅಂತ ಕೆಳಗಿಟ್ಟರು. ಅವರ ಕಣ್ಣಿಗೆ ಏನೂ ಆಗಿರಲಿಲ್ಲ. ನನ್ನ 8×32ರ ಕಣ್ಣಿನ ರಬ್ಬರ್ ಬಳೆ ತಿರುಗಿಸಿ ಪೂರ್ತಿ ಒಳಕ್ಕೆ ಇಳಿಸಿದೆ, ಕನ್ನಡಕದ ಮೇಲೆಯೇ ಇಟ್ಟುಕೊಳ್ಳಿ ಅಂದೆ, ಅವರ ಎರಡೂ ಮೊಣಕೈಯನ್ನು ಮುಂದಿನ ಸೀಟಿನ ಕಂಬಿಯ ಮೇಲೆ ಊರಿಸಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಕಿವ್ಯಾಗ ನೊಣ ಕುಂತತಿ ನೋಡು, ಜಾಡಿಸ್ಕೊಳ್ಳಾಕತ್ತೇತಿ" ಅಂದರು. ಬೈನಾಕ್ಯುಲರ್ ವಾಪಸ್ ಕೊಡಲು ಅವರಿಗೆ ಮನಸ್ಸೇ ಬರಲಿಲ್ಲ, ನಾನೂ ಕೇಳಲಿಲ್ಲ.

ಕನ್ನಡಕದವರು ಇದನ್ನು ಚೆನ್ನಾಗಿ ನೆನಪಿಡಿ. ಗಾಜಿನಿಂದ ಕಣ್ಣು ಹೆಚ್ಚೆಂದರೆ ಎಷ್ಟು ದೂರ ಇದ್ದರೆ ಪೂರ್ತಿ ಚಿತ್ರ ಕಾಣುತ್ತದೆ ಅನ್ನುವ ಒಂದು ಅಳತೆ ಇದೆ, ಪೆಟ್ಟಿಗೆಯ ಮೇಲೆ 'ಐ ರಿಲೀಫ್' ಅಂತ ಹಾಕಿರುತ್ತಾರೆ. ಅದು 15 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಕನ್ನಡಕದವರಿಗೆ ಸಾಮಾನ್ಯವಾಗಿ ಅಂಚು ಕಟ್ಟಾಗುತ್ತದೆ. ಕನ್ನಡಕ ಹಾಕಿಕೊಂಡೇ ಅಂಗಡಿಗೆ ಹೋಗಿ, ಹಾಕಿಕೊಂಡೇ ನೋಡಿ ತನ್ನಿ.

ತೂಕದ ವಿಷಯಕ್ಕೆ ಬರೋಣ. ಹಗುರವಾದ್ದು ಬೇಕು ಅಂತ ಕೇಳುವವರು ಸರಿಯಾಗಿಯೇ ಕೇಳುತ್ತಾರೆ. ಕೊರಳು ನೋಯುವ ಬೈನಾಕ್ಯುಲರ್ ಎರಡನೆಯ ದಿನ ರೂಮಿನಲ್ಲೇ ಉಳಿಯುತ್ತದೆ. 8×42 ಸಾಮಾನ್ಯವಾಗಿ 600ರಿಂದ 750 ಗ್ರಾಂ ಬರುತ್ತದೆ. 8×32 ಐನೂರರ ಆಸುಪಾಸು. ಜೇಬಿಗೆ ಹೋಗುವ 8×25 ಮುನ್ನೂರರ ಸುತ್ತ. ಹಾಗಾದರೆ ಮುನ್ನೂರರದ್ದೇ ತಗೋಬಹುದಲ್ಲ ಅನ್ನುತ್ತೀರಿ. ಬೆಟ್ಟ ಹತ್ತುವವರಿಗೆ, ಹಗಲು ಹೊತ್ತಿನಲ್ಲಿ ರಂಗನತಿಟ್ಟಿನ ದೋಣಿಯಲ್ಲಿ ಕೂರುವವರಿಗೆ ಖಂಡಿತ ಆಗುತ್ತದೆ. ಅಲ್ಲಿ ಬಣ್ಣದ ಕೊಕ್ಕರೆ ಗೂಡು ಕಟ್ಟುವುದು ದೋಣಿಯಿಂದ ಮಾರು ದೂರದಲ್ಲಿ, ಬಿಸಿಲು ಧಾರಾಳ. ಸಂಜೆ ಕಾಡಿಗೆ ಅದರ ಬಿಲ್ಲೆ ಸಣ್ಣದಾಯಿತು. ಕಣ್ಣನ್ನು ಸರಿಯಾಗಿ ಅದೇ ಜಾಗಕ್ಕೆ ಇಡಬೇಕು, ಜೀಪು ಕುಲುಕಿದರೆ ಚಿತ್ರ ಕಪ್ಪಾಗುತ್ತದೆ. ತೀರಾ ಹಗುರವಾದ್ದು ಕೈಯಲ್ಲಿ ನಿಲ್ಲುವುದೂ ಸ್ವಲ್ಪ ಕಷ್ಟ. ಕಾಡು ಮತ್ತು ಕೆರೆ ಎರಡಕ್ಕೂ ಒಂದೇ ಬೇಕಾದರೆ 8×32 ಅಥವಾ 8×30, ಜೊತೆಗೆ ಕೊರಳ ಪಟ್ಟಿಯ ಬದಲು ಎರಡೂ ಹೆಗಲಿಗೆ ಹಾಕುವ ಹಾರ್ನೆಸ್. ಹಾರ್ನೆಸ್ ಹಾಕಿಕೊಂಡರೆ ಅರ್ಧ ತೂಕವೇ ಇಳಿದಂತಾಗುತ್ತದೆ.

ಹತ್ತು ಎಕ್ಸಿಗೆ ನಾನು ವಿರೋಧಿ ಅಲ್ಲ. ಕೈ ಗಟ್ಟಿ ಇದ್ದು, ವರ್ಷಗಟ್ಟಲೆ ಹದ್ದು ಗಿಡುಗಗಳ ಹಿಂದೆ ಬಿದ್ದವರು 10×42 ಹಿಡಿದು ಚೆನ್ನಾಗಿ ನೋಡುತ್ತಾರೆ. ಮೊದಲ ಬೈನಾಕ್ಯುಲರ್ ಕೊಳ್ಳುವವರು ಅತ್ತ ಹೋಗಬೇಡಿ.

ಎರಡು ಥರದವನ್ನು ಮಾತ್ರ ಸುಮ್ನೆ ಕೊಟ್ಟರೂ ತಗೋಬೇಡಿ. ಒಂದು, 10ರಿಂದ 30 ಅಂತ ಜೂಮ್ ಆಗುವಂಥದ್ದು. ಅಗ್ಗದ ಜೂಮಿನಲ್ಲಿ ಎರಡು ನಳಿಗೆಗಳೂ ಸಮನಾಗಿ ಜೂಮ್ ಆಗದೆ ಕಣ್ಣು ಎಳೆದಂತಾಗುತ್ತದೆ. ಇನ್ನೊಂದು, ಪೆಟ್ಟಿಗೆ ಮೇಲೆ 60×60 ಅಂತ ಬರೆದು, ಕೆಂಪಗೆ ಹೊಳೆಯುವ ಗಾಜು ಹಾಕಿ ಮಾರುವಂಥದ್ದು. ಸ್ಕೇಲ್ ಇಟ್ಟು ಮುಂದಿನ ಗಾಜು ಅಳೆಯಿರಿ, 60 ಮಿಲಿಮೀಟರ್ ಇರುವುದೇ ಇಲ್ಲ. ಅಳತೆಯಲ್ಲೇ ಸುಳ್ಳು ಹೇಳುವ ಮಾಲು ಗಾಜಿನಲ್ಲಿ ನಿಜ ಹೇಳುತ್ತದೆಯೇ? ಯಾವುದೇ ಆಗಲಿ, ಐದು ನಿಮಿಷ ಬಿಡದೆ ನೋಡಿ. ತಲೆ ಭಾರವಾದರೆ, ಹಣೆ ಹಿಡಿದುಕೊಂಡರೆ ನಳಿಗೆಗಳು ಒಂದಕ್ಕೊಂದು ನೇರವಾಗಿಲ್ಲ ಅನ್ನುವ ಅನುಮಾನ ಇಟ್ಟುಕೊಳ್ಳಿ.

ಮಲೆನಾಡು, ಮಳೆಗಾಲ ಅಂದರೆ ಒಳಗೆ ನೈಟ್ರೋಜನ್ ತುಂಬಿದ, ನೀರು ಹೋಗದ ಮಾಡೆಲ್ಲೇ ಇರಲಿ. ಮಾಮೂಲಿಯದ್ದಕ್ಕೆ ಒಳಗಿನ ಗಾಜಿನಲ್ಲಿ ಬೂಸ್ಟು ಬೆಳೆಯುತ್ತದೆ. ಒದ್ದೆ ಬೈನಾಕ್ಯುಲರನ್ನು ಹಾಗೇ ಚೀಲಕ್ಕೆ ತುರುಕಿ ಬೀರುವಿನಲ್ಲಿಟ್ಟರಂತೂ ಒಂದು ಮಳೆಗಾಲ ಸಾಕು. ಸಿಲಿಕಾ ಜೆಲ್ ಪೊಟ್ಟಣ ಹಾಕಿ ಬಿಗಿಯಾದ ಡಬ್ಬಿಯಲ್ಲಿಡಿ.

ಮನೆಯಲ್ಲಿ ನಾಲ್ಕು ಜನ ಹೊರಟಿದ್ದೀರಾ? ಎಲ್ಲ ದುಡ್ಡನ್ನೂ ಒಂದೇ ದುಬಾರಿ ಬೈನಾಕ್ಯುಲರಿಗೆ ಸುರಿಯುವ ಬದಲು ಮಧ್ಯಮ ಬೆಲೆಯ ಎರಡು ತನ್ನಿ. ಕೈಯಿಂದ ಕೈಗೆ ದಾಟಿ, ಪ್ರತಿಯೊಬ್ಬರೂ ಫೋಕಸ್ ತಿರುಗಿಸುವಷ್ಟರಲ್ಲಿ ಚಿರತೆ ಎದ್ದು ಹೋಗಿರುತ್ತದೆ. ಸಾಮಾನ್ಯವಾಗಿ ತಪ್ಪಿಹೋಗುವುದು ಕೊನೆಯಲ್ಲಿ ಕೂತ ಮಗುವಿಗೆ. ಮಕ್ಕಳಿಗೆ ಕೊಳ್ಳುವಾಗ ಎರಡು ನಳಿಗೆಗಳನ್ನು ಪೂರ್ತಿ ಹತ್ತಿರಕ್ಕೆ ಮಡಚಿ, ಅವರ ಕಣ್ಣಿನ ಅಗಲಕ್ಕೆ ಕೂರುತ್ತದಾ ನೋಡಿ. ದೊಡ್ಡವರದ್ದು ಎಷ್ಟೋ ಸಲ ಕೂರುವುದಿಲ್ಲ, ಮಗು ಒಂದೇ ಕಣ್ಣಲ್ಲಿ ನೋಡಿ "ಕಾಣ್ತಿದೆ" ಅನ್ನುತ್ತದೆ.

ಈಗಾಗಲೇ 20×50 ತಂದಾಗಿದೆ ಅನ್ನುವವರು ಅದನ್ನು ಯಾರಿಗೂ ಕೊಟ್ಟುಬಿಡಬೇಡಿ. ಒಂದು ಟ್ರೈಪಾಡು, ಅದಕ್ಕೆ ಕೂರಿಸುವ ಅಡಾಪ್ಟರು ಸಿಕ್ಕರೆ ಕೆರೆ ದಂಡೆಗೆ ಒಳ್ಳೆಯದು. ಚಳಿಗಾಲದಲ್ಲಿ ನಂಜನಗೂಡು ಕಡೆಯ ಹದಿನಾರು ಅನ್ನುವ ಊರಿನ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ, ಕೆರೆ ನಡುವೆ ದೂರದಲ್ಲಿ ಕೂರುತ್ತವೆ. ಬಿಸಿಲು ಚೆನ್ನಾಗಿ ಏರಿದ ಮೇಲೆ, ನೀರಿನ ಮೇಲೆ ಕಾವು ಏಳುವ ಮೊದಲು ಅಲ್ಲಿ ಟ್ರೈಪಾಡ್ ಹಾಕಿ. ತಲೆಯ ಹಿಂದಿನ ಎರಡು ಕಪ್ಪು ಪಟ್ಟೆ ಎಣಿಸಬಹುದು.