‘ನಾಗಿನ್’ ಹಾಡಿನಲ್ಲಿ ಪುಂಗಿ ಊದಿದ್ದು ಯಾರು?

ಪ್ರಶ್ನೆ: ಸರ್, 1954ರ ‘ನಾಗಿನ್’ ಸಿನಿಮಾದ ‘ಮನ್ ಡೋಲೇ’ ಹಾಡಿಗೆ ಪುಂಗಿ ಊದಿದವರು ಯಾರು? ನನ್ನ ಕೀಬೋರ್ಡ್‌ನಲ್ಲಿ ಆ ಸದ್ದು ಬರಬೇಕಾದರೆ ಯಾವ ಟೋನ್ ಹಾಕಬೇಕು?

ಯಾರೂ ಊದಿಲ್ಲ. ಒತ್ತಿದ್ದಾರೆ.

ಗಣೇಶನ ಹಬ್ಬಕ್ಕೆ ಹದಿನೈದು ದಿನ ಇದೆ ಅನ್ನುವಾಗ ಈ ಪ್ರಶ್ನೆ ಬರುವುದಕ್ಕೆ ಶುರುವಾಗುತ್ತದೆ. ಮೆರವಣಿಗೆಯಲ್ಲಿ ಯಾರೋ ಒಬ್ಬ ಕರ್ಚೀಫ್ ಬಾಯಲ್ಲಿ ಕಚ್ಚಿಕೊಂಡು ನೆಲಕ್ಕೆ ಬೀಳಬೇಕು, ಅದಕ್ಕೆ ನೀವು ಈ ಟ್ಯೂನ್ ನುಡಿಸಬೇಕು, ಅಲ್ವಾ? ಗೊತ್ತು ಬಿಡಿ.

ಸಿನಿಮಾದ ಸಂಗೀತ ಹೇಮಂತ್ ಕುಮಾರ್ ಅವರದು. ಆ ‘ಪುಂಗಿ’ ನುಡಿಸಿದವರು ಕಲ್ಯಾಣಜಿ. ಹೌದು, ಮುಂದೆ ತಮ್ಮ ಆನಂದಜಿ ಜೊತೆ ಸೇರಿ ಸಂಗೀತ ನಿರ್ದೇಶಕರಾಗಿ ಹೆಸರು ಮಾಡಿದ ಅದೇ ಕಲ್ಯಾಣಜಿ. ವಾದ್ಯದ ಹೆಸರು ಕ್ಲಾವಿಯೋಲಿನ್. ಜೊತೆಗೆ ಹಾರ್ಮೋನಿಯಂ ನುಡಿಸಿದವರು ರವಿ. ಆಗ ಅವರು ಹೇಮಂತ್ ಕುಮಾರ್ ಅವರ ಸಹಾಯಕರು, ಆಮೇಲೆ ತಾವೇ ಸಂಗೀತ ನಿರ್ದೇಶಕರಾದರು.

ಕ್ಲಾವಿಯೋಲಿನ್ ಅಂದರೆ ಕರೆಂಟಿನ ವಾದ್ಯ. 1947ರಲ್ಲಿ ಫ್ರಾನ್ಸ್‌ನ ಕಾನ್‌ಸ್ಟಂಟ್ ಮಾರ್ಟಿನ್ ಇದನ್ನು ಮಾಡಿದರು. ಮೂರು ಸಪ್ತಕದ ಪುಟ್ಟ ಕೀಬೋರ್ಡ್, ಹಳೇ ರೇಡಿಯೋದಲ್ಲಿ ಇರುತ್ತಿತ್ತಲ್ಲ ಅಂಥ ವಾಲ್ವ್‌ಗಳು, ಸ್ಪೀಕರ್‌ಗೆ ಬೇರೆ ಪೆಟ್ಟಿಗೆ. ಎರಡು ಕೀ ಒಟ್ಟಿಗೆ ಒತ್ತಿದರೂ ಒಂದೇ ಸ್ವರ ಬರುತ್ತದೆ. ಸದ್ದು ಸ್ವಲ್ಪ ಮೂಗಿನಲ್ಲಿ ಹಾಡಿದ ಹಾಗೆ.

ಇಷ್ಟು ಹೇಳಿದ ಮೇಲೆ ಮಾತು ಮುಗಿಯಬೇಕಿತ್ತು. ಮುಗಿಯಲ್ಲ. ‘ಇಲ್ಲ ಸರ್, ಸ್ಟುಡಿಯೋಗೆ ನಿಜವಾದ ಹಾವಾಡಿಗನನ್ನೇ ಕರೆಸಿದ್ದರಂತೆ’ ಅಂತ ಯಾರಾದರೂ ಅನ್ನುತ್ತಾರೆ. ಹೋದ ವರ್ಷ ನನ್ನ ಹತ್ತಿರ ಕೀಬೋರ್ಡ್ ಕಲಿಯುವ ಹುಡುಗನೊಬ್ಬ ಪುರಾವೆಯನ್ನೇ ತಂದ. ಜಾತ್ರೆಯಲ್ಲಿ ಹಾವಾಡಿಸುವವನು ಪುಂಗಿಯಲ್ಲಿ ಇದೇ ಟ್ಯೂನ್ ಊದಿದ ವಿಡಿಯೋ. ‘ನೋಡಿ ಸರ್, ಸೇಮ್!’

ಸೇಮ್ ಇರದೆ ಇನ್ನೇನು? ಸಿನಿಮಾ ನೋಡಿ ಹಾವಾಡಿಗರು ಕಲಿತರಪ್ಪಾ. ಪುಂಗಿಯಿಂದ ಟ್ಯೂನ್ ಬಂದಿದ್ದಲ್ಲ, ಟ್ಯೂನ್ ಹೋಗಿ ಪುಂಗಿ ಸೇರಿದ್ದು. ಹಾಡು ಊರೂರು ಸುತ್ತಿದ ಮೇಲೆ ಜನ ಪುಂಗಿಯವನ ಹತ್ತಿರ ಅದನ್ನೇ ಕೇಳತೊಡಗಿದರು. ಅವನಿಗೂ ಹೊಟ್ಟೆಪಾಡು, ಊದಿದ. ಈಗ ನಮ್ಮ ಕಿವಿಗೆ ‘ಪುಂಗಿ ಅಂದರೆ ಹೀಗೇ’ ಅಂತ ಕೂತುಬಿಟ್ಟಿದೆ.

ನಿಜವಾದ ಪುಂಗಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ಒಣಗಿದ ಸೋರೆ ಬುರುಡೆ. ಅದರ ಕೆಳಗೆ ಎರಡು ಕೊಳವೆ, ಸಂದಿಗೆ ಮೇಣ. ಒಂದು ಕೊಳವೆಯಲ್ಲಿ ತೂತುಗಳಿವೆ, ಸ್ವರ ಅದರಲ್ಲಿ. ಇನ್ನೊಂದು ಸುಮ್ನೆ ಶ್ರುತಿ ಹಿಡಿದು ಗುಂಯ್‌ಗುಡುತ್ತಿರುತ್ತದೆ. ಊದುವವನು ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು ಮೂಗಿನಲ್ಲಿ ಉಸಿರೆಳೆಯುತ್ತಾನೆ, ಹಾಗಾಗಿ ಸದ್ದು ಕಡಿಯುವುದೇ ಇಲ್ಲ. ಸ್ವರಗಳೂ ಕಡಿಮೆ. ಮೇಲಾಗಿ ಶ್ರುತಿ ಆ ಬುರುಡೆ ಹೇಳಿದ್ದೇ. ಪಿಟೀಲುಗಳು, ತಾಳವಾದ್ಯ, ಲತಾ ಮಂಗೇಶ್ಕರ್ ಅವರ ದನಿ, ಎಲ್ಲವೂ ಬುರುಡೆಯ ಶ್ರುತಿಗೇ ಬನ್ನಿ ಅಂದರೆ ಆಗುತ್ತಾ? ಕ್ಲಾವಿಯೋಲಿನ್‌ಗೆ ಈ ತಾಪತ್ರಯ ಇಲ್ಲ. ಬೇಕಾದ ಮನೆಯಿಂದ ಶುರುಮಾಡಬಹುದು, ಬೇಕಾದಲ್ಲಿ ಗಪ್ ಅಂತ ನಿಲ್ಲಿಸಬಹುದು.

ಇನ್ನು ಹಾಡು ಕೇಳಿ ಥಿಯೇಟರ್ ಒಳಗೆ ಹಾವು ಬಂದವು ಅನ್ನುವ ಕಥೆ. ನನಗೆ ಇದನ್ನು ಹೇಳಿದವರೆಲ್ಲರ ಊರಿನಲ್ಲೂ ಬಂದಿವೆ! ಹಾವಿಗೆ ಹೊರಕಿವಿ ಇಲ್ಲ. ತಗ್ಗಿದ ಸದ್ದು, ನೆಲದ ಅದುರು ಗೊತ್ತಾಗುತ್ತದೆ, ಅಷ್ಟೇ. ಹಾವಾಡಿಗನ ಎದುರು ಅದು ತಲೆಯಾಡಿಸುವುದು ಪುಂಗಿ ಆಡಿದ ಕಡೆ ತಿರುಗುವುದಕ್ಕೆ. ರಾಗ ಕೇಳಿ ಅಲ್ಲ.

ಅಂದಹಾಗೆ, 1962ರಲ್ಲಿ ಇಂಗ್ಲೆಂಡಿನ ಟಾರ್ನಡೋಸ್ ತಂಡ ಟೆಲ್‌ಸ್ಟಾರ್ ಉಪಗ್ರಹದ ಹೆಸರಿನಲ್ಲೇ ಒಂದು ಟ್ಯೂನ್ ಮಾಡಿತು. ಅದರಲ್ಲೂ ಇದೇ ಕ್ಲಾವಿಯೋಲಿನ್. ಅಲ್ಲಿ ಉಪಗ್ರಹ, ಇಲ್ಲಿ ಹಾವು. ಪೆಟ್ಟಿಗೆ ಒಂದೇ.

ಸರಿ, ನಿಮ್ಮ ಟೋನ್ ವಿಷಯ. ಓಬೋ ಅಥವಾ ಶಹನಾಯಿ ಟೋನ್ ಹಾಕಿ. ಮೋನೋ ಮಾಡಿ, ಅಂದರೆ ಒಂದು ಸಲಕ್ಕೆ ಒಂದೇ ಸ್ವರ ಬರುವ ಹಾಗೆ. ವೈಬ್ರೇಟೋ, ಅಂದರೆ ಸ್ವರದ ನಡುಕ, ಸ್ವಲ್ಪ ಜಾಸ್ತಿ ಇರಲಿ. ಎಡಗೈಯಲ್ಲಿ ಹಾರ್ಮೋನಿಯಂ ಟೋನ್ ಹಾಕಿ ಷಡ್ಜ ಹಿಡಿದಿಡಿ.

ಇಷ್ಟಾದರೂ ‘ಅದು ಬರ್ತಿಲ್ಲ ಸರ್’ ಅನ್ನುತ್ತೀರಿ, ನೋಡ್ತಿರಿ. ನೀವು ಕೇಳದೇ ಇದ್ದಿದ್ದು ಅದನ್ನೇ. ಕ್ಲಾವಿಯೋಲಿನ್‌ನಲ್ಲಿ ಜೋರಾಗಿ ಒತ್ತಿದರೆ ಸದ್ದು ಜೋರಾಗುತ್ತಿರಲಿಲ್ಲ. ಕೆಳಗೆ ಒಂದು ಲಿವರ್ ಇರುತ್ತಿತ್ತು, ಅದನ್ನು ಮೊಣಕಾಲಿನಿಂದ ಪಕ್ಕಕ್ಕೆ ತಳ್ಳಿದರೆ ಸದ್ದು ಉಬ್ಬುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಯಂತ್ರದ ಸದ್ದಿಗೆ ಉಸಿರು ಬರುತ್ತಿದ್ದುದು ಮೊಣಕಾಲಿನಿಂದ. ನಿಮ್ಮ ಕೀಬೋರ್ಡ್‌ಗೆ ವಾಲ್ಯೂಮ್ ಪೆಡಲ್ ಹಾಕಿಕೊಳ್ಳಿ, ಟಚ್ (ಜೋರಾಗಿ ಒತ್ತಿದರೆ ಸದ್ದು ಜೋರಾಗುವುದು) ಆಫ್ ಮಾಡಿ, ಪ್ರತಿ ಉದ್ದ ಸ್ವರವನ್ನೂ ಪಾದದಿಂದ ಉಬ್ಬಿಸಿ ಇಳಿಸಿ. ಆ ವಿಡಿಯೋ ಹುಡುಗನಿಗೂ ಇದನ್ನೇ ಹೇಳಿದೆ. ಮೊದಲ ವಾರ ಬೆರಳು ನೆನಪಿದ್ದರೆ ಕಾಲು ಮರೆಯುತ್ತಿದ್ದ. ಮೂರನೇ ವಾರ ನಾನು ಒಳಗೆ ಕಾಫಿ ಕುಡಿಯುತ್ತಾ ಕೂತಿದ್ದಾಗ ಹೊರಗಿನ ಕೋಣೆಯಿಂದ ಬಂತು ಆ ಸದ್ದು. ‘ಬಂತು ಸರ್!’ ಅಂತ ಅವನು ಕೂಗಿದ್ದರಿಂದ ಸ್ವರ ಅರ್ಧಕ್ಕೇ ನಿಂತಿತು.